ಬೆಕ್ಕಿನ ದವಾಖಾನೆ, ಮನೆಮಂದಿಯ ಕಸುಬು

ಹಿರಿಯರು: ದನದ ಆಸ್ಪತ್ರೆ ಎಂದರೆ ಊರಿಗೆಲ್ಲ ಗೊತ್ತು. ಬೆಕ್ಕಿಗೆಂದೇ ಒಂದು ದವಾಖಾನೆ, ಅದನ್ನು ಒಂದೇ ಮನೆಯವರು ಸೇರಿ ನಡೆಸುವುದು, ಇದೆಲ್ಲ ಶುರುವಾದದ್ದು ಯಾವಾಗಮ್ಮ?

ಕಿರಿಯರು: ಹಳೆಯದೇನಲ್ಲ ಸರ್, ಹತ್ತಿರ ಹತ್ತಿರ ನೂರು ವರ್ಷದ ಕಥೆ. ಪಶುವೈದ್ಯ ಮೊದಲಿನಿಂದಲೂ ಬೆಲೆಯಿದ್ದ ಪ್ರಾಣಿಯ ಹಿಂದೆಯೇ ಹೋಯಿತು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಕುದುರೆಯ ವೈದ್ಯಶಾಸ್ತ್ರ ಇದೆ, ಪಾಲಕಾಪ್ಯನ ಹೆಸರಿನಲ್ಲಿ ಆನೆಯದು ಇದೆ. ಕನ್ನಡದಲ್ಲೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಆಮೇಲೆ ಅಭಿನವಚಂದ್ರ ಕುದುರೆಗಾಗಿ ‘ಅಶ್ವವೈದ್ಯ’ ಬರೆದ. ಯುದ್ಧಕ್ಕೆ ಆನೆ ಕುದುರೆ ಬೇಕು, ಉಳುಮೆಗೆ ಎತ್ತು ಬೇಕು, ಹಾಲಿಗೆ ಹಸು ಬೇಕು. ಬೆಕ್ಕು ಕಣಜದ ಇಲಿ ಹಿಡಿಯುತ್ತಿತ್ತು, ನಿಜ. ಆದರೆ ಅದು ಸತ್ತರೆ ಪಕ್ಕದ ಮನೆಯಿಂದ ಮರಿ ಕೇಳಿ ತಂದರಾಯಿತು. ಪುಕ್ಕಟೆ ಸಿಗುವ ಪ್ರಾಣಿಗೆ ಔಷಧ ಅರೆಯುವವರು ಯಾರು?

ಹಿರಿಯರು: ಯುರೋಪಿನಲ್ಲೂ ಇದೇ ಲೆಕ್ಕವೇ?

ಕಿರಿಯರು: ಅಲ್ಲಿ ಇನ್ನೂ ಖಡಾಖಂಡಿತ. ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರ ರಾಜಾಜ್ಞೆಯಿಂದ ಹುಟ್ಟಿತು. ಕಟ್ಟಿದವನು ಕ್ಲೋದ್ ಬೂರ್ಜೆಲಾ, ಅದಕ್ಕೆ ಮುಂಚೆ ಅದೇ ಊರಿನಲ್ಲಿ ಕುದುರೆ ಸವಾರಿಯ ಶಾಲೆ ನಡೆಸುತ್ತಿದ್ದವನು. ರಾಜ ದುಡ್ಡು ಬಿಚ್ಚಿದ್ದು ಮುಖ್ಯವಾಗಿ ದನಗಳ ದೊಡ್ಡರೋಗಕ್ಕೆ ಹೆದರಿ.

ಹಿರಿಯರು: ದೊಡ್ಡರೋಗ ಎಂದರೇನು ಎಂದು ಈಗಿನವರಿಗೆ ಹೇಳಿದರೂ ತಿಳಿಯದು. ಕೊಟ್ಟಿಗೆಗೆ ಹೊಕ್ಕರೆ ಹಗ್ಗ ಮಾತ್ರ ಉಳಿಯುತ್ತಿತ್ತು.

ಕಿರಿಯರು: 2011ರಲ್ಲಿ ಅದು ಭೂಮಿಯಿಂದಲೇ ಹೋಯಿತೆಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಅದು. ಅಂಥ ರೋಗ ಎದುರಿಗಿದ್ದಾಗ ಬೆಕ್ಕಿನ ಸೀನು ಯಾರ ಕಿವಿಗೆ ಬೀಳಬೇಕು? 1791ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಾಲೇಜಿಗೂ ಕುದುರೆಯೇ ದೇವರು. ಈ ಅಸಡ್ಡೆ ಇಪ್ಪತ್ತನೆಯ ಶತಮಾನಕ್ಕೂ ದಾಟಿ ಬಂತು. ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಬರೆದ ಇಂಗ್ಲೆಂಡಿನ ಪಶುವೈದ್ಯ ಆಲ್ಫ್ರೆಡ್ ವೈಟ್ 1930ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಓದಿದವರು. ಅವರು ನಂಬಿ ಓದಿದ ದೊಡ್ಡ ಅಂಗರಚನಾ ಪುಸ್ತಕದಲ್ಲಿ ಬೆಕ್ಕಿನ ಅಧ್ಯಾಯವೇ ಇರಲಿಲ್ಲವಂತೆ. ಬೆಕ್ಕೆಂದರೆ ಪ್ರಾಣ ಬಿಡುವ ಹುಡುಗನಿಗೆ ಅದು ಸಣ್ಣ ಆಘಾತವಲ್ಲ.

ಹಿರಿಯರು: ಪುಸ್ತಕದಲ್ಲಿ ಇಲ್ಲದಿದ್ದರೇನು, ಬಾಗಿಲಿಗೆ ಬೆಕ್ಕು ಬರುತ್ತಿತ್ತಲ್ಲ. ಆಗ ಏನು ಮಾಡುತ್ತಿದ್ದರು?

ಕಿರಿಯರು: ಹೆಚ್ಚಾಗಿ ಬೀಜ ಒಡೆಯುವ ಕೆಲಸ. ಗಂಡುಬೆಕ್ಕನ್ನು ತಲೆ ಕೆಳಗಾಗಿ ಗಂಬೂಟಿನೊಳಗೆ ತುರುಕಿ, ಹಿಂಭಾಗ ಮಾತ್ರ ಹೊರಗಿಟ್ಟು ಕೊಯ್ಯುತ್ತಿದ್ದರು. ಅರಿವಳಿಕೆಯೇನೂ ಇಲ್ಲ. ಬೂಟು ಬೆಕ್ಕನ್ನು ಕಾಪಾಡುವುದಕ್ಕಲ್ಲ, ಡಾಕ್ಟರ ಕೈ ಕಾಪಾಡುವುದಕ್ಕೆ.

ಹಿರಿಯರು: ಎತ್ತನ್ನು ಟ್ರೆವಿಸ್ ಕಂಬಗಳ ನಡುವೆ ಕಟ್ಟುವ ಹಾಗೆ.

ಕಿರಿಯರು: ಟ್ರೆವಿಸ್‌ನೊಳಗೆ ಎತ್ತಿಗೆ ಉಸಿರಾಡಲು ಗಾಳಿಯಾದರೂ ಇರುತ್ತದೆ ಸರ್. ಬೆಕ್ಕನ್ನು ಸುರಕ್ಷಿತವಾಗಿ ಮಲಗಿಸುವ ಔಷಧ ದಕ್ಕಿದ್ದು ಬಹಳ ತಡವಾಗಿ. 1962ರಲ್ಲಿ ಅಮೆರಿಕದಲ್ಲಿ ಕೆಟಮೀನ್ ತಯಾರಾಯಿತು, ಮುಂದಿನ ಹತ್ತು ವರ್ಷಗಳಲ್ಲಿ ಅದು ಬೆಕ್ಕಿನ ಡಾಕ್ಟರ ಕೈಗೂ ಬಂತು. ಸ್ನಾಯುವಿಗೆ ಒಂದು ಚುಚ್ಚು, ಕೆಲವೇ ನಿಮಿಷದಲ್ಲಿ ಬೆಕ್ಕು ಮಲಗುತ್ತದೆ. ಬೆಕ್ಕಿನ ದವಾಖಾನೆ ಒಂದು ಸಣ್ಣ ಕೋಣೆಯಲ್ಲಿ, ಒಬ್ಬ ಸಹಾಯಕರ ಜೊತೆಯಲ್ಲಿ ನಡೆಯಬಹುದು ಎಂಬ ಧೈರ್ಯಕ್ಕೆ ಈ ಚುಚ್ಚುಮದ್ದಿನ ಪಾಲು ದೊಡ್ಡದು.

ಹಿರಿಯರು: ಆದರೆ ಔಷಧ ಬರುವ ಮುಂಚೆಯೇ ಯಾರೋ ಬೆಕ್ಕನ್ನು ನೋಡುತ್ತಿದ್ದಿರಬೇಕು.

ಕಿರಿಯರು: ಎರಡು ದಾರಿಯಿಂದ ಬೆಕ್ಕು ಒಳಗೆ ಬಂತು. ಒಂದು ಬಡವರ ದಾರಿ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಲಂಡನ್ನಿನ ವೈಟ್‌ಚಾಪಲ್ ಎಂಬ ಬಡ ಬಡಾವಣೆಯ ನೆಲಮಾಳಿಗೆಯಲ್ಲಿ ಮರಿಯಾ ಡಿಕಿನ್ ಎಂಬಾಕೆ ಪ್ರಾಣಿಗಳಿಗೆ ಉಚಿತ ಚಿಕಿತ್ಸಾಲಯ ತೆರೆದರು. ಪಿಡಿಎಸ್‌ಎ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ. ಇಂಥದೇ ಪ್ರಾಣಿಯಾಗಬೇಕು ಎಂಬ ಕಟ್ಟು ಅಲ್ಲಿ ಇರಲಿಲ್ಲ, ಬೆಲೆ ನೋಡದೆ ಬಾಗಿಲು ತೆರೆದದ್ದೇ ಹೊಸತು. ಇನ್ನೊಂದು ದಾರಿ ಹೊಟ್ಟೆಪಾಡಿನದು. ಮೋಟಾರು ಬಂದ ಮೇಲೆ ನಗರಗಳಿಂದ ಕುದುರೆ ಮಾಯವಾಯಿತು. ಅಮೆರಿಕದಲ್ಲಿ ಎಷ್ಟೋ ಖಾಸಗಿ ಪಶುವೈದ್ಯ ಕಾಲೇಜುಗಳು ಬಾಗಿಲು ಹಾಕಿದವು. ಪೇಟೆಯಲ್ಲಿ ಉಳಿದ ಡಾಕ್ಟರು ನಾಯಿಯ ಕಡೆ ತಿರುಗಿದರು, ನಾಯಿಯ ಹಿಂದೆ ಬೆಕ್ಕು ಬಂತು.

ಹಿರಿಯರು: ಬರೀ ಬೆಕ್ಕನ್ನೇ ನೋಡುತ್ತೇನೆ ಎಂದು ಕೂತವರು?

ಕಿರಿಯರು: ನ್ಯೂಯಾರ್ಕಿನ ಲೂಯಿಸ್ ಕಮೂಟಿ. 1893ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಅಲ್ಲಿ ಇಡೀ ಕಸುಬನ್ನು ಬೆಕ್ಕಿಗೇ ಮೀಸಲಿಟ್ಟ ಮೊದಲ ಪಶುವೈದ್ಯ ಎಂದು ಅವರನ್ನು ಹೇಳುತ್ತಾರೆ. ಅವರು ನಡೆಸಿದ್ದು ಮನೆಮನೆಗೆ ಹೋಗುವ ವೈದ್ಯ. ಸಂಜೆಯಾದರೆ ಚೀಲ ಹಿಡಿದು ಹೊರಡುವುದು, ಮ್ಯಾನ್‌ಹಟನ್‌ನ ಎತ್ತರದ ಕಟ್ಟಡಗಳಲ್ಲಿ ಒಂದೊಂದೇ ಬಾಗಿಲು ತಟ್ಟುವುದು. ಕಾರು ಓಡಿಸುತ್ತಿದ್ದವರು ಹೆಂಡತಿ ಅಲೆಕ್ಸಾಂಡ್ರಾ. ಗಂಡ ಮೇಲೆ ಹೋಗಿ ಬೆಕ್ಕು ಹುಡುಕುವಷ್ಟು ಹೊತ್ತೂ ಆಕೆ ಕೆಳಗೆ ಗಾಡಿಯಲ್ಲಿ ಕಾಯಬೇಕು.

ಹಿರಿಯರು: ಹುಡುಕುವುದೇ?

ಕಿರಿಯರು: ಚೀಲದ ಸದ್ದು ಕೇಳಿದರೆ ಬೆಕ್ಕು ಮಂಚದ ಕೆಳಗೆ. 1980ರಲ್ಲಿ ಬಂದ ಅವರ ನೆನಪಿನ ಪುಸ್ತಕದ ಹೆಸರಿನ ಅರ್ಥವೇ ‘ನನ್ನ ರೋಗಿಗಳೆಲ್ಲ ಮಂಚದ ಕೆಳಗಿದ್ದಾರೆ’ ಎಂದು. ಮರುವರ್ಷ ತೀರಿಕೊಂಡರು. ಮನೆಮಂದಿ ನಡೆಸುವ ಬೆಕ್ಕಿನ ದವಾಖಾನೆಗೆ ಮೂಲ ಹುಡುಕಿದರೆ ಈ ಕಾರಿನಲ್ಲಿ ಸಿಗುತ್ತದೆ, ಸ್ಟಿಯರಿಂಗ್ ಹಿಡಿದ ಹೆಂಡತಿ, ಪಕ್ಕದ ಸೀಟಿನಲ್ಲಿ ಸಿರಿಂಜಿನ ಚೀಲ. ಆಕೆಯ ಕೆಲಸಕ್ಕೆ ಪದವಿಯೂ ಇಲ್ಲ, ಸಂಬಳದ ಪಟ್ಟಿಯೂ ಇಲ್ಲ. ಆಮೇಲೆ ಬಂದ ಎಷ್ಟೋ ಇಂಥ ದವಾಖಾನೆಗಳ ಕಥೆಯೂ ಇದೇ: ಒಬ್ಬರ ಹೆಸರು ಬೋರ್ಡಿನ ಮೇಲೆ, ಉಳಿದವರ ದುಡಿಮೆ ಬೋರ್ಡಿನ ಹಿಂದೆ.

ಹಿರಿಯರು: ನಗರದ ಮನೆಯೊಳಗೆ ಅಷ್ಟೊಂದು ಬೆಕ್ಕು ಬಂದದ್ದಾದರೂ ಹೇಗೆ? ನಮ್ಮಲ್ಲಿ ಬೆಕ್ಕು ಅಟ್ಟದ್ದು, ಹಿತ್ತಿಲದ್ದು. ಮನೆಯದು ಎನ್ನುವುದು ಮಾತಿಗೆ.

ಕಿರಿಯರು: ಅದಕ್ಕೆ ಉತ್ತರ ಡಾಕ್ಟರ ಹತ್ತಿರ ಇಲ್ಲ, ಮಣ್ಣಿನ ವ್ಯಾಪಾರಿಯ ಹತ್ತಿರ ಇದೆ. ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಸೋಪೊಲಿಸ್ ಎಂಬ ಸಣ್ಣ ಊರಿನಲ್ಲಿ ಎಡ್ ಲೋ ಎಂಬಾತ ಅಪ್ಪನ ಜೊತೆ ಮರದ ಹೊಟ್ಟು, ಎಣ್ಣೆ ಹೀರುವ ಒಣಮಣ್ಣು ಮಾರುತ್ತಿದ್ದ. 1947ರ ಚಳಿಗಾಲದಲ್ಲಿ ಪಕ್ಕದ ಮನೆಯಾಕೆ ಬೆಕ್ಕಿನ ತಟ್ಟೆಗೆ ಹಾಕಲು ಮರಳು ಸಿಗುತ್ತಿಲ್ಲ, ಏನಾದರೂ ಕೊಡು ಎಂದು ಬಂದಳು. ಈತ ಫುಲ್ಲರ್ಸ್ ಅರ್ಥ್ ಎಂಬ ಜೇಡಿ ಕೊಟ್ಟ. ನಮ್ಮವರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಒದ್ದೆಯನ್ನೂ ವಾಸನೆಯನ್ನೂ ಅದು ಹೀರಿಕೊಂಡಿತು. ಆಕೆ ಮತ್ತೆ ಬಂದಳು. ಈತ ಅದನ್ನೇ ಪೊಟ್ಟಣ ಕಟ್ಟಿ ಮಾರತೊಡಗಿದ. ಅದಕ್ಕೆ ಮುಂಚೆ ಬೂದಿಯೋ ಮರಳೋ ತುಂಬಿದ ತಟ್ಟೆ ಮನೆಯಲ್ಲಿಡಲು ಹೆಚ್ಚಿನವರಿಗೆ ಇಷ್ಟವಿರಲಿಲ್ಲ. ರಾತ್ರಿಯಾದರೆ ಬೆಕ್ಕು ಹೊರಗೆ. ಈಗ ಬೆಕ್ಕು ಒಳಗೇ ಉಳಿಯಿತು. ಒಳಗೆ ಉಳಿದ ಬೆಕ್ಕು ಹೆಚ್ಚು ವರ್ಷ ಬದುಕಿತು. ಹೆಚ್ಚು ವರ್ಷ ಬದುಕಿದ್ದಕ್ಕೆ ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಕಾಣಿಸಿದವು. ತಟ್ಟೆ ಕಣ್ಣೆದುರಿಗಿದ್ದುದರಿಂದ ಇವತ್ತು ಮೂತ್ರ ಮಾಡಿಲ್ಲ ಎಂಬುದೂ ಮನೆಯವರಿಗೆ ಗೊತ್ತಾಗತೊಡಗಿತು.

ಹಿರಿಯರು: ಸೆಗಣಿ ನೋಡಿ ದನದ ಹೊಟ್ಟೆ ಹೇಳುವ ಹಾಗೆ.

ಕಿರಿಯರು: ಅದೇ ವಿದ್ಯೆ ಸರ್. ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಎರಡು ಮೂರು ದಿನದಲ್ಲಿ ಹೃದಯ ನಿಲ್ಲಬಹುದು. ಹಿತ್ತಿಲಿನ ಬೆಕ್ಕಾದರೆ ಎಲ್ಲೋ ಹೋಯಿತು ಎಂದು ಸುಮ್ಮನಾಗುತ್ತಾರೆ, ಮನೆಯೊಳಗಿನದಾದರೆ ಅಪರಾತ್ರಿಯಲ್ಲಿ ಡಾಕ್ಟರಿಗೆ ಫೋನು ಬರುತ್ತದೆ. ಆ ಫೋನು ಎತ್ತುವವರು ದವಾಖಾನೆಯ ಮೇಲಿನ ಮಹಡಿಯಲ್ಲೇ ಮಲಗಿದ್ದರೆ ಬೆಕ್ಕು ಉಳಿಯುತ್ತದೆ. ಈ ಕಸುಬು ಒಂದೇ ಮನೆಯವರ ಕೈಯಲ್ಲಿ ನಿಂತದ್ದಕ್ಕೆ ಪ್ರೀತಿಗಿಂತ ಇಂಥ ಕಾರಣಗಳೇ ಹೆಚ್ಚು. ಬೆಕ್ಕಿನ ಫೀಸು ಕಡಿಮೆ, ರಾತ್ರಿಪಾಳಿಗೆ ಆಳಿಟ್ಟರೆ ಗಿಟ್ಟದು. ತಾಯಿಯಿಲ್ಲದ ಮರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಬೇಕು, ಅದನ್ನು ಮಕ್ಕಳು ಮಾಡುತ್ತಾರೆ. ಲೆಕ್ಕಕ್ಕೆ ಒಬ್ಬರು, ಬೋನು ತೊಳೆಯಲು ಇನ್ನೊಬ್ಬರು.

ಹಿರಿಯರು: ಬೆಕ್ಕಿಗೆ ಮಾತ್ರ ಎಂದು ಬೋರ್ಡು ಹಾಕಿದ ದವಾಖಾನೆಗಳು ಹೆಚ್ಚಿದ್ದು?

ಕಿರಿಯರು: 1970ರ ದಶಕದಲ್ಲಿ, ಅಮೆರಿಕದಲ್ಲಿ. ಶಿಕಾಗೋದ ಬಾರ್ಬರಾ ಸ್ಟೈನ್ ಅಂಥದೊಂದು ಕ್ಲಿನಿಕ್ ಕಟ್ಟಿದರು. ಬೆಕ್ಕಿನ ವೈದ್ಯರದೇ ಒಂದು ಸಂಘ ಅದೇ ದಶಕದ ಆರಂಭದಲ್ಲಿ ರೂಪುಗೊಂಡಿತು. 1974ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಬೆಕ್ಕಿನ ಆರೋಗ್ಯಕ್ಕೆ ಒಂದು ಕೇಂದ್ರ ತೆರೆಯಿತು. ಬ್ರಿಟನ್ನಿನಲ್ಲಿ ಇನ್ನೂ ಮುಂಚೆ, 1958ರಲ್ಲೇ, ಬೆಕ್ಕು ಸಾಕುವವರು ಸೇರಿ ಬೆಕ್ಕಿನ ಕಾಯಿಲೆಗಳ ಬಗ್ಗೆ ತಿಳಿವಳಿಕೆ ಕೂಡಿಹಾಕಲು ಸಂಸ್ಥೆ ಕಟ್ಟಿದ್ದರು. ಅದನ್ನು ಕಟ್ಟಿದ ಜೋನ್ ಜಡ್ ಡಾಕ್ಟರಲ್ಲ, ಬೆಕ್ಕಿನ ಒಡತಿ. ಬಾಸ್ಟನ್ನಿನ ಜೀನ್ ಹೋಲ್ಜ್‌ವರ್ತ್ ಮೊದಲು ಲ್ಯಾಟಿನ್ ಭಾಷೆಯಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಪಶುವೈದ್ಯ ಓದಿ, 1987ರಲ್ಲಿ ಬೆಕ್ಕಿನ ರೋಗಗಳ ಮೇಲೆ ಬೃಹತ್ ಗ್ರಂಥ ತಂದರು. ಹೆರಿಯಟ್ ಓದಿದ ಪುಸ್ತಕದಲ್ಲಿ ಕಾಣದಿದ್ದ ಅಧ್ಯಾಯ ಐವತ್ತು ವರ್ಷದ ಮೇಲೆ ಒಂದು ಹೊತ್ತಗೆಯಾಗಿ ಬಂತು ಎನ್ನಬಹುದು. ಈ ಪಟ್ಟಿಯಲ್ಲಿ ಹೆಂಗಸರ ಹೆಸರು ಎಷ್ಟಿವೆ ನೋಡಿ. ಕುದುರೆ ದನಗಳ ವೈದ್ಯಕ್ಕೆ ತೋಳ್ಬಲ ಬೇಕು ಎಂದು ಯಾರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರೋ ಅವರಿಗೆ ಬೆಕ್ಕಿನ ಬಾಗಿಲು ತೆರೆದಿತ್ತು.

ಹಿರಿಯರು: ಒಂದು ಮಾತು ಬಿಡಿಸಿ ಹೇಳಬೇಕಮ್ಮ. ನಾಯಿಯನ್ನು ನೋಡುವ ಡಾಕ್ಟರು ಬೆಕ್ಕನ್ನೂ ನೋಡಿದರೆ ಏನು ಕೆಡುತ್ತದೆ? ಗಾತ್ರ ಸಣ್ಣದು, ಡೋಸು ಸಣ್ಣದು.

ಕಿರಿಯರು: ಬಹಳ ಬೆಕ್ಕು ಸತ್ತದ್ದೇ ಆ ಲೆಕ್ಕದಿಂದ ಸರ್. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಜ್ವರ ಎಂದರೆ ಕೈ ಹೋಗುವುದು ಆ ಸ್ಟ್ರಿಪ್ಪಿಗೇ. ಅದನ್ನು ಒಡೆದು ಹೊರಗೆ ಹಾಕಲು ಬೇಕಾದ ಒಂದು ಕಿಣ್ವದ ಜೀನು ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದಿಲ್ಲ. ಐನೂರು ಮಿಲಿಗ್ರಾಮಿನ ಒಂದು ಮಾತ್ರೆ ಸಾಕು: ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಪಾದ ಊದಿಕೊಳ್ಳುತ್ತವೆ. ನಾಯಿಯ ಉಣ್ಣಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಅಪಸ್ಮಾರ ತರುತ್ತದೆ. ಊಟ ಬಿಟ್ಟ ದಪ್ಪ ಬೆಕ್ಕಿನ ಯಕೃತ್ತು ಕೆಲವೇ ದಿನಗಳಲ್ಲಿ ಕೊಬ್ಬಿನಿಂದ ತುಂಬುತ್ತದೆ; ಲಂಘನಂ ಪರಮೌಷಧಂ ಎನ್ನುವುದು ಬೆಕ್ಕಿಗೆ ಸಲ್ಲದು.

ಹಿರಿಯರು: ಊಟದ ಮಾತು ಬಂತು. ಮೊಸರನ್ನ ತಿಂದೇ ಬದುಕಿದ ಬೆಕ್ಕುಗಳು ಎಷ್ಟಿಲ್ಲ ನಮ್ಮಲ್ಲಿ?

ಕಿರಿಯರು: ಮೊಸರನ್ನ ಮನೆಯವರು ಹಾಕಿದ್ದು, ಬದುಕಿಸಿದ್ದು ಹಿತ್ತಿಲಿನ ಇಲಿ, ಹಲ್ಲಿ, ಓತಿಕ್ಯಾತ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದಿಲ್ಲದಿದ್ದರೆ ಕಣ್ಣಿನ ಒಳಪದರ ಹಾಳಾಗುತ್ತದೆ ಎಂದು 1975ರಲ್ಲಿ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯೋನ್ ಎಂಬ ಹೃದಯದ ವೈದ್ಯರು ಇನ್ನೊಂದು ಸಂಗತಿ ಹೊರಗೆಳೆದರು. ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳಲ್ಲಿ ಟಾರಿನ್ ಕಡಿಮೆಯಿತ್ತು, ಮತ್ತು ಅವು ತಿನ್ನುತ್ತಿದ್ದದ್ದು ಪೂರ್ಣ ಆಹಾರವೆಂದು ಡಬ್ಬದ ಮೇಲೆ ಬರೆದಿದ್ದ ಕಂಪನಿ ಆಹಾರವನ್ನು. ಟಾರಿನ್ ಕೊಟ್ಟಾಗ ಹಿಗ್ಗಿದ ಹೃದಯ ಹಿಂದಿನ ಗಾತ್ರಕ್ಕೆ ಬಂತು! ಅಂಥ ಹೃದ್ರೋಗ ವಾಸಿಯಾಗುವುದು ಅಪರೂಪ. ಕಂಪನಿಗಳು ಆಹಾರಕ್ಕೆ ಟಾರಿನ್ ಹೆಚ್ಚಿಸಿದವು, ರೋಗ ಇಳಿಯಿತು. ಬೆಂಗಳೂರಿನ ಹನ್ನೆರಡನೆಯ ಮಹಡಿಯಲ್ಲಿ ಬಲೆ ಹಾಕಿದ ಬಾಲ್ಕನಿಯ ಬೆಕ್ಕಿಗೆ ಓತಿಕ್ಯಾತ ಎಲ್ಲಿಂದ ಸಿಗಬೇಕು? ಅದಕ್ಕೆ ಬರೀ ಮೊಸರನ್ನ ಹಾಕುವ ಮನೆಯಲ್ಲಿ ಆ ಹಳೆಯ ರೋಗ ಮತ್ತೆ ಬರಬಹುದು.

ಹಿರಿಯರು: ದೊಡ್ಡ ಪ್ರಯೋಗಾಲಯಗಳ ಕೆಲಸ ಇದು. ಸಣ್ಣ ದವಾಖಾನೆಯದೇನು ಹೆಚ್ಚುಗಾರಿಕೆ?

ಕಿರಿಯರು: ಮೊದಲು ಕಣ್ಣಿಗೆ ಬೀಳುವುದು ಅಲ್ಲಿ. 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಬೆಕ್ಕಿನ ಲ್ಯುಕೇಮಿಯಾ ವೈರಸ್ಸನ್ನು ಕಂಡುಹಿಡಿದರು. ಸುಳಿವು ಬಂದದ್ದು ಆ ಊರಿನ ಒಬ್ಬ ಖಾಸಗಿ ಪಶುವೈದ್ಯರಿಂದ. ಒಂದೇ ಮನೆಯ ಬೆಕ್ಕುಗಳಿಗೆ ಒಂದರ ಮೇಲೊಂದರಂತೆ ಒಂದೇ ಬಗೆಯ ಕ್ಯಾನ್ಸರು ಬರುತ್ತಿದೆಯಲ್ಲ, ಇದು ಅಂಟುರೋಗ ಇರಬಹುದೇ ಎಂಬ ಅನುಮಾನ. ಒಂದೊಂದು ಬೆಕ್ಕಿನ ಚೀಟಿ ಬೇರೆಬೇರೆ ಡಾಕ್ಟರ ಕೈಯಲ್ಲಿದ್ದರೆ ಆ ಅನುಮಾನಕ್ಕೆ ಜಾಗವೇ ಇಲ್ಲ. 1986ರ ಕಥೆಯೂ ಹಾಗೆಯೇ. ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿನಲ್ಲಿ ಬೀದಿಬೆಕ್ಕು ಸಾಕುತ್ತಿದ್ದ ಮಹಿಳೆಯೊಬ್ಬರು ತಮ್ಮ ಒಂದು ಬೋನಿನ ಬೆಕ್ಕುಗಳು ಮಾತ್ರ ಸೊರಗುವುದನ್ನು ಗಮನಿಸಿದರು. ಸಂಶೋಧಕರಾದ ನೀಲ್ಸ್ ಪೆಡರ್ಸನ್ ಮತ್ತು ಜ್ಯಾನೆಟ್ ಯಮಾಮೊಟೊ ಅಲ್ಲಿಂದ ಎಫ್ಐವಿ ವೈರಸ್ಸನ್ನು ಹಿಡಿದರು; ಮನುಷ್ಯರ ಎಚ್ಐವಿಯ ದೂರದ ನೆಂಟ, ಮನುಷ್ಯರಿಗೆ ಅಂಟುವುದಿಲ್ಲ.

ಹಿರಿಯರು: ಹೊಟ್ಟೆಯಲ್ಲಿ ನೀರು ತುಂಬಿ ಮರಿಗಳು ಸಾಯುವ ಒಂದು ಕಾಯಿಲೆ ಇದೆಯಲ್ಲ?

ಕಿರಿಯರು: ಎಫ್ಐಪಿ. ಅದನ್ನು 1963ರಲ್ಲಿ ಸ್ಪಷ್ಟವಾಗಿ ವಿವರಿಸಿದವರೂ ಹೋಲ್ಜ್‌ವರ್ತ್. ಕೊರೊನಾ ಕುಲದ ವೈರಸ್ಸಿನಿಂದ ಬರುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಹೆಸರು ಹೇಳಿದರೆ ಡಾಕ್ಟರು ತಲೆ ತಗ್ಗಿಸುತ್ತಿದ್ದರು. 2019ರಲ್ಲಿ ಪೆಡರ್ಸನ್ ಬಳಗ ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟು ನೋಡಿತು. 26 ಬೆಕ್ಕುಗಳು ಹನ್ನೆರಡು ವಾರಗಳ ಚಿಕಿತ್ಸೆ ಮುಗಿಸಿದವು, 25 ದೀರ್ಘಕಾಲ ಉಳಿದವು. ಕೋವಿಡ್ ಕಾಲದಲ್ಲಿ ಕೇಳಿದ ರೆಮ್‌ಡೆಸಿವಿರ್‌ಗೂ ಇದಕ್ಕೂ ಒಂದೇ ಬೇರು. ಪರವಾನಗಿ ಇಲ್ಲದ ಕಾರಣ ಜನ ಕಳ್ಳಸಂತೆಯ ಸೀಸೆ ತರಿಸಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಬೆಕ್ಕು ಹಿಡಿದು ದಿನಾ ಚುಚ್ಚಿದರು. ಔಷಧ ಬರೆದುಕೊಡುವ ಹಾಗಿಲ್ಲ, ಕಣ್ಣೆದುರು ಗುಣವಾಗುವ ಮರಿಯ ರಕ್ತಪರೀಕ್ಷೆ ಬೇಡವೆನ್ನುವ ಹಾಗೂ ಇಲ್ಲ. ಸಣ್ಣ ದವಾಖಾನೆಯ ಡಾಕ್ಟರಿಗೆ ಇಂಥ ಇಕ್ಕಟ್ಟು ಹಿಂದೆಂದೂ ಬಂದಿರಲಿಲ್ಲ. ಬ್ರಿಟನ್ನಿನಲ್ಲಿ 2021ರಿಂದ ಕಾನೂನಿನ ದಾರಿ ತೆರೆಯಿತು, ಅಮೆರಿಕದಲ್ಲಿ 2024ರಿಂದ.

ಹಿರಿಯರು: ದವಾಖಾನೆಯ ಒಳಗಿನ ವ್ಯವಸ್ಥೆ ಹೇಗೆ? ದನಕ್ಕೆ ನಾಲ್ಕು ಕಂಬ, ಒಂದು ಹಗ್ಗ.

ಕಿರಿಯರು: ಬೆಕ್ಕಿಗೆ ಹಗ್ಗ ಕಟ್ಟಿದಷ್ಟೂ ಕೆಲಸ ಕೆಡುತ್ತದೆ. ಮೊದಲ ನಿಯಮ, ಒಳಗೆ ನಾಯಿಯ ವಾಸನೆ ಇರಬಾರದು. ಎರಡನೆಯದು, ಬೆಕ್ಕಿನ ಬುಟ್ಟಿಯನ್ನು ನೆಲದ ಮೇಲಿಡಬಾರದು. ಎತ್ತರದಲ್ಲಿಟ್ಟು ಟವೆಲ್ ಹೊದಿಸಬೇಕು. ಬುಟ್ಟಿಯಿಂದ ಎಳೆಯದೆ ಮೇಲಿನ ಮುಚ್ಚಳ ಬಿಚ್ಚಿ, ಕೂತಲ್ಲೇ ನೋಡಬೇಕು. ಕತ್ತಿನ ಚರ್ಮ ಹಿಡಿದು ಎತ್ತುವ ಹಳೆಯ ಪಾಠವನ್ನೂ ಈಗ ಬೇಡವೆನ್ನುತ್ತಾರೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುತ್ತದೆ, ಸಕ್ಕರೆ ಕಾಯಿಲೆ ಇಲ್ಲದ್ದಕ್ಕೂ ಇದೆ ಎಂದು ಬರೆಯುವ ಅಪಾಯ. ನೋವನ್ನು ಬೆಕ್ಕು ಬಚ್ಚಿಡುವುದರಿಂದ 2019ರಲ್ಲಿ ಮಾಂಟ್ರಿಯಲ್‌ನವರು ಮುಖ ಓದುವ ಅಳತೆಗೋಲು ಮಾಡಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ, ಈ ಐದನ್ನು ನೋಡಿ ಅಂಕ ಹಾಕುವುದು. 2012ರಿಂದ ಇಂಥ ಕ್ರಮ ಪಾಲಿಸುವ ದವಾಖಾನೆಗಳಿಗೆ ಬೆಕ್ಕುಸ್ನೇಹಿ ಎಂಬ ಮಾನ್ಯತೆಯೂ ಸಿಗುತ್ತಿದೆ.

ಹಿರಿಯರು: ನಮ್ಮ ಕಡೆಯ ಸ್ಥಿತಿ?

ಕಿರಿಯರು: ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದು, ದನಕರುಗಳಿಗಾಗಿ ಕಟ್ಟಿದ್ದು, ಅದು ಸರಿಯೇ. ಐದೂವರೆ ವರ್ಷದ ಬಿ.ವಿ.ಎಸ್ಸಿ.ಯಲ್ಲಿ ಹಸು ಎಮ್ಮೆ ಕುರಿ ಕೋಳಿಗಳದೇ ಸಿಂಹಪಾಲು. ಬೆಕ್ಕಿನ ಕೈಗುಣ ಬರುವುದು ಓದಿನ ಆಚೆ, ಅನುಭವಸ್ಥರ ಮೇಜಿನ ಪಕ್ಕ ನಿಂತು.

ಹಿರಿಯರು: ಆ ಮೇಜು ಮಗನಿಗೋ ಮಗಳಿಗೋ ದಾಟುತ್ತದೆಯೇ? ದಾಟದಿದ್ದರೆ?

ಕಿರಿಯರು: ಹೆರಿಯಟ್ ಮನೆಯಲ್ಲಿ ದಾಟಿತು. ಯಾರ್ಕ್‌ಷೈರಿನ ಥರ್ಸ್ಕ್ ಊರಿನಲ್ಲಿ 1940ರಲ್ಲಿ ಅವರು ಡೊನಾಲ್ಡ್ ಸಿಂಕ್ಲೇರ್ ಎಂಬವರ ಜೊತೆ ಸೇರಿ ನಡೆಸಿದ ದವಾಖಾನೆಗೆ ಆಮೇಲೆ ಮಗ ಜಿಮ್ ಪಶುವೈದ್ಯರಾಗಿಯೇ ಬಂದರು. ಎಲ್ಲರಿಗೂ ಹಾಗೆ ಒದಗುವುದಿಲ್ಲ. ಸ್ಕ್ಯಾನಿಂಗ್ ಯಂತ್ರ, ರಕ್ತ ಪರೀಕ್ಷೆಯ ಯಂತ್ರ ಬಂದ ಮೇಲೆ ಒಂದು ದವಾಖಾನೆಯ ಬೆಲೆ ಹೊಸಬ ಡಾಕ್ಟರು ಕೊಳ್ಳುವಷ್ಟು ಉಳಿಯಲಿಲ್ಲ. ಕೊಳ್ಳುವವರು ಕಂಪನಿಗಳಾದರು. ಚಾಕೊಲೇಟು ಮಾರುವ, ಬೆಕ್ಕಿನ ಆಹಾರವನ್ನೂ ಮಾರುವ ಮಾರ್ಸ್ ಕಂಪನಿ 2017ರಲ್ಲಿ ಅಮೆರಿಕದ ವಿಸಿಎ ಆಸ್ಪತ್ರೆಗಳ ಸರಣಿಯನ್ನು ಸಾಲವೂ ಸೇರಿ ಸುಮಾರು 910 ಕೋಟಿ ಡಾಲರಿಗೆ ಕೊಂಡಿತು. ಬ್ರಿಟನ್ನಿನಲ್ಲಿ ದೊಡ್ಡ ಗುಂಪುಗಳ ಕೈಯಲ್ಲಿದ್ದ ದವಾಖಾನೆಗಳು 2013ರಲ್ಲಿ ಶೇಕಡಾ 10ರಷ್ಟು, ಹತ್ತು ವರ್ಷದ ಮೇಲೆ ಹೆಚ್ಚುಕಡಿಮೆ ಶೇಕಡಾ 60. ದರ ಏರಿತೆಂಬ ದೂರಿನ ಮೇಲೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ವಿಧಿವತ್ತಾದ ತನಿಖೆ ಶುರುಮಾಡಿತು.

ಹಿರಿಯರು: ಬೋರ್ಡು ಬದಲಾಯಿಸುತ್ತಾರೆಯೇ?

ಕಿರಿಯರು: ಎಷ್ಟೋ ಕಡೆ ಇಲ್ಲ. ಕೊಂಡದ್ದು ಆ ಹೆಸರನ್ನೂ, ಮೂರು ತಲೆಮಾರಿನ ಬೆಕ್ಕುಗಳ ಚೀಟಿಗಳನ್ನೂ; ಹೆಸರು ತೆಗೆದರೆ ಕೊಂಡದ್ದಕ್ಕೆ ಬೆಲೆ ಏನು? ಹಿಂದಿನ ಡಾಕ್ಟರೇ ಸಂಬಳಕ್ಕೆ ಕೆಲವು ವರ್ಷ ಉಳಿಯುವುದೂ ಉಂಟು. ಬ್ರಿಟನ್ನಿನಲ್ಲಿ ಪಶುವೈದ್ಯರಲ್ಲದವರೂ ದವಾಖಾನೆಯ ಮಾಲೀಕರಾಗಬಹುದು ಎಂದು ನಿಯಮ ಸಡಿಲವಾದದ್ದು 1999ರಲ್ಲಿ. ಥರ್ಸ್ಕ್‌ನ ಕರ್ಕ್‌ಗೇಟ್ ಬೀದಿಯಲ್ಲಿ ಹೆರಿಯಟ್ ಇದ್ದ ಮನೆ, ಅದೇ ದವಾಖಾನೆಯೂ ಆಗಿದ್ದ ಮನೆ, ಟಿಕೆಟ್ ಕೊಟ್ಟು ನೋಡುವ ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದೂ ಅದೇ ವರ್ಷ.